ಜಿಜಿಟಿ ನಾರ್ಮಲ್ ಇದ್ರೂ ಮಗೂಗೆ ಪಿಎಫ್ಐಸಿ ಇರತ್ತಾ? ಜೀನ್ ಟೆಸ್ಟ್ ಮಾಡಿಸ್ಲೇಬೇಕಾ?

ನೀವು ಬರ್ದಿರೋದು ಇಷ್ಟು ಅಲ್ವಾ, ತಂಗಿ ಮಗೂಗೆ ಎಂಟು ತಿಂಗಳು, ಕಾಮಾಲೆ ಪೂರ್ತಿ ಹೋಗ್ತಾನೇ ಇಲ್ಲ, ರಾತ್ರಿಯೆಲ್ಲಾ ಮೈ ಕೆರ್ಕೊಳ್ಳತ್ತೆ, ಮೈಸೂರಲ್ಲಿ ಡಾಕ್ಟ್ರು ಪಿಎಫ್ಐಸಿ, ಅಂದ್ರೆ ಪಿತ್ತ ಲಿವರಲ್ಲೇ ನಿಂತು ಅದನ್ನ ಹಾಳು ಮಾಡೋ ಜೀನ್ ಕಾಯಿಲೆ, ಡೌಟು ಅಂತ ಜೀನ್ ಟೆಸ್ಟ್ ಬರ್ಕೊಟ್ಟಿದಾರೆ, ಲಿವರ್ ರಕ್ತ ಪರೀಕ್ಷೇಲಿ ಜಿಜಿಟಿ ಅನ್ನೋ ಕಿಣ್ವ ನಾರ್ಮಲ್ ಬಂದಿದೆ, ಮನೇಲಿ ದೊಡ್ಡೋರು "ಜಿಜಿಟಿ ನಾರ್ಮಲ್ ಇದ್ಯಲ್ಲ, ಅಷ್ಟು ದುಡ್ಡು ಯಾಕೆ ಸುರೀಬೇಕು, ನೆಲನೆಲ್ಲಿ ಕುಡಿಸಿ ಸಾಕು" ಅಂತಿದಾರೆ. ನಾವು ಮಂಡ್ಯದವ್ರು, ನನ್ನ ಮಗಳಿಗೂ ಇದೇ ಕಾಯಿಲೆ, ಟೈಪ್ 2. ನಾನು ಡಾಕ್ಟ್ರಲ್ಲ, ಆದ್ರೆ ಈ ಒಂದು ವಿಷ್ಯ ಗಟ್ಟಿಯಾಗಿ ಹೇಳ್ತೀನಿ: ಟೆಸ್ಟ್ ಮಾಡ್ಸಿ, ಮುಂದಕ್ಕೆ ಹಾಕ್ಬೇಡಿ.

ಮೊದ್ಲು ಜಿಜಿಟಿ ವಿಷ್ಯ. ಲಿವರ್ ಜೀವಕೋಶದಿಂದ ಪಿತ್ತದ ಲವಣ ಹೊರಗೆ ಹೋಗೋಕೆ ಒಂದು ಪಂಪ್ ಇರತ್ತೆ, ಬಿಎಸ್ಇಪಿ ಅಂತಾರೆ. ಟೈಪ್ 2ರಲ್ಲಿ ಅದೇ ಕೆಲ್ಸ ಮಾಡಲ್ಲ. ನಾಲೆ ತೂಬು ಕಚ್ಕೊಂಡ್ರೆ ನೀರು ಹಿಂದೇನೇ ನಿಲ್ಲೋ ಹಾಗೆ ಪಿತ್ತ ಲಿವರ್ ಒಳಗೇ ನಿಂತು ಅದನ್ನೇ ಸುಡತ್ತೆ, ಉಳಿದಿದ್ದು ರಕ್ತಕ್ಕೆ ಸೇರತ್ತೆ, ಆವಾಗ್ಲೇ ಆ ನವೆ. ಜಿಜಿಟಿ ಏರೋದು ಪಿತ್ತದ ಲವಣ ನಾಳಕ್ಕೆ ಇಳಿದು ಅಲ್ಲಿರೋ ಜಿಜಿಟಿನ ಕಿತ್ತು ತಂದ್ರೆ. ಇಲ್ಲಿ ಇಳಿಯೋದೇ ಇಲ್ವಲ್ಲ, ಎಲ್ಲಿಂದ ಏರತ್ತೆ? ಡೈರೆಕ್ಟ್ ಬಿಲಿರುಬಿನ್ (ಕಾಮಾಲೆ ಹಳದಿ ತರೋ ಅಂಶ) ಜಾಸ್ತಿ, ವಿಪರೀತ ನವೆ, ಜಿಜಿಟಿ ಮಾತ್ರ ನಾರ್ಮಲ್, ಇವು ಮೂರೂ ಒಟ್ಟಿಗೆ ಇದ್ರೆ ಅದು ಸಮಾಧಾನ ಪಡೋ ವಿಷ್ಯ ಅಲ್ಲ, ನಿಮ್ಮ ಡಾಕ್ಟ್ರಿಗೆ ಡೌಟು ಬಂದಿರೋದೇ ಅದ್ರಿಂದ ಇರ್ಬೇಕು.

ಇನ್ನು ಟೈಪ್ ಯಾಕೆ ಗೊತ್ತಾಗ್ಬೇಕು ಅಂದ್ರೆ, ಹೆಸ್ರು ಒಂದೇ ಆದ್ರೂ ದಾರಿ ಬೇರೆ ಬೇರೆ. ಟೈಪ್ 1 ಎಟಿಪಿ8ಬಿ1 ಜೀನ್, ಟೈಪ್ 2 ಎಬಿಸಿಬಿ11, ಟೈಪ್ 3 ಎಬಿಸಿಬಿ4, ಈ ಮೂರೂ ಗೊತ್ತಾಗಿದ್ದು 1998ರಲ್ಲಿ, ಆಮೇಲೆ ಇನ್ನೂ ಕೆಲವು ಸಿಕ್ಕಿವೆ. ಟೈಪ್ 1ರಲ್ಲಿ ತೊಂದ್ರೆ ಬರೀ ಲಿವರ್ದಲ್ಲ, ಭೇದಿ ಇರತ್ತೆ, ಕೆಲವು ಮಕ್ಕಳಿಗೆ ಕಿವಿ ಕೇಳಲ್ಲ, ಲಿವರ್ ಬದಲಾಯಿಸಿದ್ಮೇಲೂ ಭೇದಿ ನಿಲ್ಲದೆ ಇನ್ನೂ ಜಾಸ್ತಿ ಆಗ್ಬಹುದು, ಅದಕ್ಕೆ ಡಾಕ್ಟ್ರು ಟ್ರಾನ್ಸ್‌ಪ್ಲಾಂಟ್‌ಗೆ ಮುಂಚೆ ತುಂಬಾ ಯೋಚ್ನೆ ಮಾಡ್ತಾರೆ. ಟೈಪ್ 2ರಲ್ಲಿ ಚಿಕ್ಕ ವಯಸ್ಸಲ್ಲೇ ಲಿವರ್ ಕ್ಯಾನ್ಸರ್ ಬರೋ ಅಪಾಯ ಇದೆ, ಹಾಗಾಗಿ ನಮ್ಮ ಮಗಳಿಗೆ ಆಗಾಗ ಸ್ಕ್ಯಾನಿಂಗು, ಎಎಫ್‌ಪಿ ಅನ್ನೋ ರಕ್ತ ಪರೀಕ್ಷೆ ತಪ್ಪಿಸೋ ಹಾಗೇ ಇಲ್ಲ. ಟೈಪ್ 3ರಲ್ಲಿ ಜಿಜಿಟಿ ಜಾಸ್ತಿ ಇರತ್ತೆ, ಎಷ್ಟೋ ಮಕ್ಕಳು ಬರೀ ಉಡಿಲಿವ್ ಅನ್ನೋ ಪಿತ್ತ ಹರಿಸೋ ಔಷಧಿಗೇ ಚೆನ್ನಾಗಿ ಸ್ಪಂದಿಸ್ತಾರೆ. 2021ರಲ್ಲಿ ಅಮೆರಿಕ, ಯೂರೋಪಲ್ಲಿ ಒಡೆವಿಕ್ಸಿಬ್ಯಾಟ್ ಅಂತ ಹೊಸ ಔಷಧಿಗೆ ಒಪ್ಪಿಗೆ ಸಿಕ್ತು, ಪಿತ್ತದ ಆಮ್ಲ ಕರುಳಿಂದ ವಾಪಸ್ ಲಿವರ್‌ಗೆ ಹೋಗೋದನ್ನ ಅದು ತಡಿಯತ್ತೆ, ನವೆ ಕಮ್ಮಿ ಆಗತ್ತೆ. ಆದ್ರೆ ಆ ಪಂಪೇ ಪೂರ್ತಿ ಇಲ್ದಿರೋ ಮಕ್ಕಳಿಗೆ ಅದು ಕೆಲ್ಸ ಮಾಡೋದು ಡೌಟು. ಜೀನ್ ರಿಪೋರ್ಟ್ ಇಲ್ದೆ ಇದ್ಯಾವ್ದೂ ತೀರ್ಮಾನ ಮಾಡೋಕಾಗಲ್ಲ.

ಇನ್ನೊಂದು ಕಾರಣ, ನಿಮ್ಮ ತಂಗಿ ಮುಂದಿನ ಮಗು. ಅಪ್ಪ ಅಮ್ಮ ಇಬ್ಬರಲ್ಲೂ ಕೆಟ್ಟ ಜೀನ್ ಒಂದೊಂದು ಇರತ್ತೆ, ಅವ್ರಿಗೆ ಸಾಮಾನ್ಯವಾಗಿ ಏನೂ ಆಗಿರಲ್ಲ, ಎರಡೂ ಮಗೂಗೆ ಸೇರಿದ್ರೆ ಮಾತ್ರ ಕಾಯಿಲೆ, ಪ್ರತಿ ಬಸಿರಲ್ಲೂ ಶೇಕಡ 25 ಸಾಧ್ಯತೆ. ನಮ್ಮ ಕಡೆ ಸೋದರಮಾವ, ಅತ್ತೆ ಮಕ್ಕಳು ಅಂತ ಒಳಗೊಳಗೇ ಮದುವೆ ಆಗೋದ್ರಿಂದ ಇಬ್ಬರಲ್ಲೂ ಅದೇ ಜೀನ್ ಇರೋದು ಹೆಚ್ಚು, ನಾವಿಬ್ರೂ ಹಾಗೇ. ಯಾವ ಜೀನಲ್ಲಿ ಎಲ್ಲಿ ತಪ್ಪಿದೆ ಅಂತ ಮೊದ್ಲೇ ಗೊತ್ತಿದ್ರೆ ಮುಂದಿನ ಸಲ ಬಸಿರಿನ ಮೂರನೇ ತಿಂಗಳಲ್ಲೇ ಪರೀಕ್ಷೆ ಮಾಡ್ಬಹುದು. ಹಾಗಾಗಿ ಮಗು ಜೊತೆ ತಂಗಿ, ಭಾವ ಇಬ್ಬರ ರಕ್ತಾನೂ ಕಳ್ಸಿ ಅಂತ ಕೇಳಿ. ಮತ್ತೆ ದಯವಿಟ್ಟು ಯಾರೂ ಆ ತಾಯಿನ "ಬಸುರಿಲಿ ಏನೋ ತಿಂದ್ಲು" ಅಂತ ಅನ್ನೋದು ಬೇಡ, ನೀವು ಅಣ್ಣ, ನೀವೇ ಅಡ್ಡ ನಿಂತ್ಕೊಳ್ಳಿ.

ನೆಲನೆಲ್ಲಿ ಬಗ್ಗೆ. ನೀರಿಂದ ಬರೋ ಕಾಮಾಲೆ ಬಹುಪಾಲು ತಾನಾಗೇ ಕೆಲವು ವಾರದಲ್ಲಿ ಇಳಿಯತ್ತೆ, ಹೆಸ್ರು ಸೊಪ್ಪಿಗೆ ಬರತ್ತೆ. ಇದು ಆ ಕಾಮಾಲೆ ಅಲ್ಲ, ಸೊಪ್ಪು ಆ ಪಂಪನ್ನ ರಿಪೇರಿ ಮಾಡಲ್ಲ, ಕಾಯ್ತಾ ಕೂತಷ್ಟೂ ಲಿವರ್ ಗಟ್ಟಿ ಆಗ್ತಾ ಹೋಗತ್ತೆ. ಅದಕ್ಕಿಂತ ಭಯ ಇರೋದು ವಿಟಮಿನ್ ಕೆ ಬಗ್ಗೆ. ಕರುಳಿಗೆ ಪಿತ್ತ ಬರ್ದೇ ಹೋದ್ರೆ ಕೊಬ್ಬು ಜೀರ್ಣ ಆಗಲ್ಲ, ಅದರ ಜೊತೆ ಎ, ಡಿ, ಇ, ಕೆ ವಿಟಮಿನ್ನೂ ಮೈಗೆ ಹತ್ತಲ್ಲ. ಕೆ ಕಮ್ಮಿ ಆದ್ರೆ ರಕ್ತ ಹೆಪ್ಪುಗಟ್ಟಲ್ಲ, ಕೆಲವು ಮಕ್ಕಳಿಗೆ ತಲೆ ಒಳಗೇ ರಕ್ತಸ್ರಾವ ಆಗತ್ತೆ. ರಕ್ತ ಹೆಪ್ಪುಗಟ್ಟೋದನ್ನ ನೋಡೋ ಪಿಟಿ ಐಎನ್‌ಆರ್ ಟೆಸ್ಟ್ ಮಾಡ್ಸಿದಾರಾ ಅಂತ ನಾಳೇನೇ ಕೇಳಿ. ಜೀನ್ ರಿಪೋರ್ಟ್ ಬರೋಕೆ ವಾರಗಟ್ಲೆ ಆಗತ್ತೆ, ಈ ಪಿಟಿ ಐಎನ್‌ಆರ್‌ಗೆ ಅಲ್ಲೀವರ್ಗೂ ಕಾಯೋ ಹಾಗಿಲ್ಲ. ಮೂಗಲ್ಲಿ ರಕ್ತ, ಸುಮ್ಮ್‌ಸುಮ್ನೆ ನೀಲಿ ಕಲೆ, ಮಂಕಾಗಿ ಮಲ್ಗೋದು, ವಾಂತಿ ಕಂಡ್ರೆ ಮೈಸೂರಿನ ಚೆಲುವಾಂಬಾ ಆಸ್ಪತ್ರೇನೋ ಮಂಡ್ಯದ ಮಿಮ್ಸ್ ಆಸ್ಪತ್ರೇನೋ ಯಾವುದು ಹತ್ರಾನೋ ಅಲ್ಲಿಗೆ ಓಡಿ, ರಾತ್ರಿ ಆಗಿದ್ರೂ ಸರಿ.

ನವೆ ಮಾತ್ರ ಅನುಭವಿಸಿದ ಮನೆಯವ್ರಿಗೇ ಗೊತ್ತು. ನಮ್ಮ ಮಗಳು ಕಿವಿ ಹಿಂದೆ, ಪಾದದ ಮೇಲೆ ರಕ್ತ ಬರೋವರ್ಗೂ ಕೆರ್ಕೊಂಡು ಬೆಳಗ್ಗೆ ದಿಂಬಿನ ಕವರ್ ಮೇಲೆಲ್ಲಾ ಚುಕ್ಕೆ ಇರ್ತಿತ್ತು. ಉಗುರು ಮೋಟಾಗಿ ಕತ್ತರಿಸಿ ಅಂಚು ತೀಡ್ತಿದ್ವಿ, ಕೈಗೆ ತೆಳು ಕಾಟನ್ ಸಾಕ್ಸ್ ಹಾಕ್ತಿದ್ವಿ. ಚರ್ಮಕ್ಕೆ ಹಚ್ಚೋ ಲೋಷನ್ನಿಂದ ದೊಡ್ಡ ಪ್ರಯೋಜನ ಆಗ್ಲಿಲ್ಲ, ಯಾಕಂದ್ರೆ ಕಾರಣ ಚರ್ಮದಲ್ಲಿ ಇಲ್ಲ. ಉಡಿಲಿವ್ ಜೊತೆ ರಿಫಾಂಪಿಸಿನ್ ಸೇರ್ಸಿದ್ಮೇಲೆ ಮಗು ನಿದ್ದೆ ಮಾಡ್ತು. ಅದು ಟಿಬಿ ಮಾತ್ರೆ ಅಂತ ಗಾಬರಿ ಬೀಳ್ಬೇಡಿ, ನವೆಗೂ ಕೊಡ್ತಾರೆ, ಉಚ್ಚೆ ಕೇಸರಿ ಬಣ್ಣಕ್ಕೆ ತಿರುಗತ್ತೆ ಅಷ್ಟೇ, ಆದ್ರೆ ಅದೂ ಲಿವರ್‌ಗೆ ಭಾರ ಆಗ್ಬಹುದು ಅಂತ ನಡುನಡುವೆ ರಕ್ತ ಪರೀಕ್ಷೆ ಬೇಕು. ಔಷಧಿಗೆ ಬಗ್ಗದಿದ್ರೆ ಪಿತ್ತಾನ ಹೊಟ್ಟೆಯಿಂದ ಹೊರಗೆ ಹರಿಸೋ ಆಪರೇಷನ್ ಇದೆ.

ಕೊನೆಗೆ ಟ್ರಾನ್ಸ್‌ಪ್ಲಾಂಟೇ ಬೇಕಾದ್ರೂ ಸಣ್ಣ ಮಗೂಗೆ ಅಪ್ಪನದೋ ಅಮ್ಮನದೋ ಲಿವರಿನ ಎಡಭಾಗದ ಒಂದು ತುಂಡು ಸಾಕು, ಕೊಟ್ಟೋರ ಲಿವರ್ ಮತ್ತೆ ಬೆಳ್ಕೊಳ್ಳತ್ತೆ. ಬಿಪಿಎಲ್ ಕಾರ್ಡ್ ಇದ್ರೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನ ಅಂಗಾಂಗ ಕಸಿ ಯೋಜನೆ ಬಗ್ಗೆ ಈಗ್ಲೇ ವಿಚಾರ್ಸಿ ಇಟ್ಕೊಳ್ಳಿ. ರಿಪೋರ್ಟ್ ಬಂದ್ಮೇಲೆ ಯಾವ ಜೀನ್ ಅಂತ ಇಲ್ಲೇ ಹಾಕಿ, ಎಬಿಸಿಬಿ11 ಆಗಿದ್ರೆ ನಾವು ಮಾಡ್ತಿರೋದೆಲ್ಲಾ ವಿವರವಾಗಿ ಬರ್ದು ಹಾಕ್ತೀನಿ.