ಕ್ವಿಬೆಕ್ ನಗರದಲ್ಲಿ ಎರಡು ದಿನದ ಊಟ

ಪ್ರಶ್ನೆ: ಮಾಂಟ್ರಿಯಲ್‌ನಲ್ಲಿರುವ ಮಗಳು ಸೆಪ್ಟೆಂಬರ್ ಕೊನೆಯಲ್ಲಿ ನಮ್ಮನ್ನು ಕ್ವಿಬೆಕ್ ನಗರಕ್ಕೆ ಕರೆದೊಯ್ಯುತ್ತಾಳಂತೆ. ಅಲ್ಲಿಯ ಹಳೆಯ ಫ್ರೆಂಚ್ ಕೆನಡಿಯನ್ ಅಡುಗೆಯ ರುಚಿ ನೋಡುವ ಆಸೆ ನನಗಿದೆ. ಆದರೆ ನಮ್ಮ ಯಜಮಾನರು ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ಇಬ್ಬರಿಗೂ ಒಗ್ಗುವ ರೆಸ್ಟೋರೆಂಟ್ ಸಿಕ್ಕೀತೆ?
– ಓದುಗರು, ಹಾಸನ

ಉತ್ತರ: ಸಿಗುತ್ತದೆ, ಆದರೆ ಇಬ್ಬರಿಗೂ ಒಂದೇ ರೆಸ್ಟೋರೆಂಟ್ ಹುಡುಕಬೇಡಿ. 1608ರಲ್ಲಿ ಸಾಮ್ಯುಯೆಲ್ ದ ಶಾಂಪ್ಲೇನ್ ನೆಲೆಗೊಳಿಸಿದ ಈ ಕೋಟೆಯೂರಿನ ಹಳೆಯ ಅಡುಗೆಯು ದೀರ್ಘ ಚಳಿಗಾಲದಲ್ಲಿ ಮೈಮುರಿದು ದುಡಿಯುವವರ ಹೊಟ್ಟೆ ತುಂಬಿಸಲೆಂದು ಬೆಳೆದದ್ದಾದ್ದರಿಂದ, ಅದರ ಜೀವಾಳವೇ ಹಂದಿಮಾಂಸ. ಬಟಾಣಿ ಸೂಪ್ ಎಂದೊಡನೆ ನಮ್ಮ ಸಾರಿನಂತಹದ್ದೆಂದು ಭಾವಿಸಬಾರದು. ಅದರಲ್ಲಿಯೂ ಸಾಮಾನ್ಯವಾಗಿ ಉಪ್ಪು ಹಾಕಿದ ಹಂದಿಮಾಂಸ ಬೆಂದಿರುತ್ತದೆ. ಪುಟೀನ್ ಎಂಬ ಆಲೂಗಡ್ಡೆ ಫ್ರೈಸ್ ಮೇಲೆ ಸುರಿಯುವ ಗ್ರೇವಿ ಬಹುತೇಕ ಮಾಂಸದ ರಸದ್ದು. ಸಕ್ಕರೆ ಟಾರ್ಟ್‌ನ ಹಿಟ್ಟಿಗೂ ಹಂದಿಕೊಬ್ಬು ಬಿದ್ದಿರಬಹುದು.

ನಿಮಗಾಗಿ ಒಂದು ಮಧ್ಯಾಹ್ನವನ್ನು ಸೇಂಟ್ ಲೂಯಿ ಬೀದಿಯ ಓಜಾಂಸ್ಯಾಂ ಕನಾದ್ಯಾಂಗೆ ಮೀಸಲಿಡಿ. ಸುಮಾರು 1675ರಲ್ಲಿ ಕಟ್ಟಿದ, ಕೆಂಪು ಮಾಡಿನ ಬಿಳಿ ಮನೆಯಲ್ಲಿ 1966ರಿಂದ ನಡೆದುಬಂದ ರೆಸ್ಟೋರೆಂಟ್ ಅದು. ಅಲ್ಲಿ ತೂರ್ತ್ಯೇರ್ ತರಿಸಿಕೊಳ್ಳಿ. ಕೊಚ್ಚಿದ ಮಾಂಸವನ್ನು ಹಿಟ್ಟಿನ ಹೊದಿಕೆಯೊಳಗಿಟ್ಟು ಬೇಯಿಸಿದ ಈ ಪೈಯನ್ನು ಬಿಡಿಸಿದಾಗ ಮೂಗಿಗೆ ಬಡಿಯುವುದು ಲವಂಗ, ದಾಲ್ಚಿನ್ನಿಗಳ ಘಮ. ಖಾರವನ್ನು ಮಾತ್ರ ನಿರೀಕ್ಷಿಸಬೇಡಿ.

ಯಜಮಾನರಿಗೆ ಒದಗುವುದು ಋತುಮಾನದ ಅಡುಗೆಯ ರೆಸ್ಟೋರೆಂಟುಗಳು, ಮತ್ತು ನೀವು ಹೋಗುವ ಕಾಲವೂ ಅದಕ್ಕೆ ಹೇಳಿಮಾಡಿಸಿದಂತಿದೆ. ನಗರದ ಎದುರಿಗೇ ಸೇಂಟ್ ಲಾರೆನ್ಸ್ ನದಿಯಲ್ಲಿರುವ ಓರ್ಲೇಯಾಂ ದ್ವೀಪದ ತೋಟಗಳಿಂದ ಆಗ ಸೇಬು, ಕುಂಬಳದ ಜಾತಿಯ ಕಾಯಿಗಳು ಬರುತ್ತವೆ. ಸೇಂಟ್ ಜಾನ್ ಬೀದಿಯ ಶೇ ಬುಲೇ ಎಂಬಲ್ಲಿ ಉತ್ತರದ ಕಾಡು, ನೀರು, ಹೊಲಗಳ ಪದಾರ್ಥಗಳನ್ನೇ ಆಧರಿಸಿ ಅಡುಗೆ ಮಾಡುತ್ತಾರೆ. ವಸಂತದಲ್ಲಿ ಹೋಗುವವರಿಗಾದರೆ ಜರೀಗಿಡದ ಸುರುಳಿ ಚಿಗುರು ಸಿಗುತ್ತಿತ್ತು. ಕೊಡಗಿನ ತೆರ್ಮೆ ತೊಪ್ಪು ತಿಂದವರಿಗೆ ಅದು ಹೊಸದೇನಲ್ಲ. ಮೇಪಲ್ ಸಿರಪ್ ಮಾತ್ರ ವರ್ಷವಿಡೀ ಇರುತ್ತದೆ. ಮಾರ್ಚ್–ಏಪ್ರಿಲ್‌ನಲ್ಲಿ ಮೇಪಲ್ ಮರಗಳಿಂದ ಇಳಿಸಿದ ಸುಮಾರು 40 ಲೀಟರ್ ರಸವನ್ನು ಕುದಿಸಿ ಬತ್ತಿಸಿದರೆ ಒಂದು ಲೀಟರ್ ಸಿರಪ್ ಆಗುತ್ತದೆಂಬುದನ್ನು ನೆನೆದರೆ ಅದರ ಬೆಲೆ ಹೆಚ್ಚೆನಿಸದು.

ಮೇಜು ಕಾಯ್ದಿರಿಸುವಾಗಲೇ ಮಾಂಸ, ಮೀನು, ಮೊಟ್ಟೆಗಳ ಜೊತೆಗೆ ಮಾಂಸದ ರಸವೂ ಬೇಡವೆಂದು ಮಗಳಿಂದ ಹೇಳಿಸಿ. ‘ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಸೂಪಿನಲ್ಲಿ ಎಡವುವ ಸಂಭವವಿದೆ. ಇನ್ನೊಂದು ಮಾತು: ಅಲ್ಲಿಯ ಫ್ರೆಂಚ್‌ನಲ್ಲಿ ‘ದೀನೇ’ ಎಂದರೆ ಮಧ್ಯಾಹ್ನದ ಊಟ, ರಾತ್ರಿಯದು ‘ಸೂಪೇ’. ಮೆನುವಿನ ಬೆಲೆಗೆ ಶೇ. 5 ಮತ್ತು ಶೇ. 9.975ರ ಎರಡು ತೆರಿಗೆಗಳು ಸೇರುತ್ತವೆ, ಸುಮಾರು ಶೇ. 15ರಷ್ಟು ಟಿಪ್ಸ್ ಕೊಡುವುದು ವಾಡಿಕೆ, ಅದನ್ನು ತೆರಿಗೆಗೆ ಮುಂಚಿನ ಮೊತ್ತದ ಮೇಲೆ ಲೆಕ್ಕ ಹಾಕಿದರೆ ಸಾಕು.