ಹೊಸ್ತಿಲಲ್ಲೇ ಮಾತು ಮುಗಿಸುವ ಹಾರ್ಮೋನು

ಪ್ರಶ್ನೆ: ಸ್ಟೀರಾಯ್ಡ್ ಹಾರ್ಮೋನು ಕೋಶದೊಳಗೆ ಹೋಗಿ ಜೀನ್‌ಗಳನ್ನು ಎಚ್ಚರಿಸಿ ಕೆಲಸ ಮಾಡುತ್ತದೆ, ಅದಕ್ಕೆ ತಾಸುಗಟ್ಟಲೆ ಬೇಕು ಎಂದು ಕಲಿತಿದ್ದೇವೆ. ಮೊನ್ನೆ ಒಂದು ಉಪನ್ಯಾಸದಲ್ಲಿ, ಕೋಶದ ಹೊರಪೊರೆಯಿಂದಲೇ ಅದು ಸೆಕೆಂಡುಗಳಲ್ಲಿ ಕೆಲಸ ಮಾಡುತ್ತದೆ ಎಂದರು. ಯಾವುದನ್ನು ನಂಬಲಿ ಮೇಡಂ? ಪರೀಕ್ಷೆಯಲ್ಲಿ ಏನು ಬರೆಯಲಿ?
– ಪಿಯುಸಿ ವಿದ್ಯಾರ್ಥಿನಿ, ಮಲ್ಪೆ

ಉತ್ತರ: ಎರಡನ್ನೂ ನಂಬಿ. ಒಂದೇ ಹಾರ್ಮೋನಿಗೆ ಎರಡು ದಾರಿಗಳಿವೆ.

ನೀವು ಮಲ್ಪೆಯವರು, ಹಾಗಾಗಿ ಮೀನಿನಿಂದಲೇ ಹೇಳುತ್ತೇನೆ. ಮನೆಯಲ್ಲಿ ಕಲ್ಲೂರು ಮೀನು ಕೊಯ್ಯುವಾಗ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿದರೆ, ಕಾವಲಿಗೆ ಹಾಕುವ ಮುನ್ನ ಚಿಟಿಕೆಯಷ್ಟನ್ನು ತಟ್ಟೆಯ ನೀರಿನಲ್ಲಿ ಬಿಡಿಸಿ ಭೂತಗನ್ನಡಿ ಹಿಡಿಯಿರಿ. ಉಡುಪಿಯಲ್ಲಿ ಪಾಠ ಮಾಡುತ್ತಿದ್ದಾಗ ಪ್ರತಿ ವರ್ಷ ಮಕ್ಕಳಿಂದ ಇದನ್ನು ಮಾಡಿಸುತ್ತಿದ್ದೆ. ಬಹುಪಾಲು ಕಾಳುಗಳು ಹಳದಿಯಾಗಿ, ಮಬ್ಬಾಗಿ ಇರುತ್ತವೆ. ಮೊಟ್ಟೆಯಿಡುವ ಹೊತ್ತು ಹತ್ತಿರವಾಗಿದ್ದ ಮೀನಾದರೆ, ನಡುವೆ ನೀರು ತುಂಬಿಕೊಂಡು ಗಾಜಿನ ಮಣಿಯಂತಾದ ದಪ್ಪ ಕಾಳುಗಳೂ ಕಾಣುತ್ತವೆ. ಮಬ್ಬು ಕಾಳನ್ನು ಪಕ್ವವಾಗುವ ಈ ಹಾದಿಗೆ ಹಚ್ಚುವುದು ಪ್ರೊಜೆಸ್ಟಿನ್ ಎಂಬ ಸ್ಟೀರಾಯ್ಡ್.

ಇಂಥ ಹಾರ್ಮೋನನ್ನು ಸೂಜಿಯಿಂದ ಮೊಟ್ಟೆಕೋಶದ ಒಳಕ್ಕೇ ಚುಚ್ಚಿದರೆ ಮೊಟ್ಟೆ ಪಕ್ವವಾಗುವುದಿಲ್ಲ. ಸುತ್ತಲಿನ ದ್ರವಕ್ಕೆ ಬೆರೆಸಿದರೆ ಆಗುತ್ತದೆ. ಅಂದರೆ ಅದು ಹೊರಪೊರೆಯಿಂದಲೇ ಕೆಲಸ ಮಾಡುತ್ತಿದೆ. ಕಪ್ಪೆಯ ಮೊಟ್ಟೆಯಲ್ಲಿ ಇದನ್ನು 1971ರಲ್ಲೇ ತೋರಿಸಿದ್ದರು. ಅದೇ ವರ್ಷ ಮಸುಯಿ ಮತ್ತು ಮಾರ್ಕರ್ಟ್ ಎಂಬ ವಿಜ್ಞಾನಿಗಳು ಕಪ್ಪೆಯ ಮೊಟ್ಟೆಕೋಶದಿಂದ ಕೋಶಕೇಂದ್ರವನ್ನೇ ತೆಗೆದು, ಪ್ರೊಜೆಸ್ಟಿನ್‌ಗಳಲ್ಲೊಂದಾದ ಪ್ರೊಜೆಸ್ಟರೋನ್ ಕೊಟ್ಟರು. ಎಚ್ಚರಿಸಲು ಅಲ್ಲಿ ಕೇಂದ್ರದ ಜೀನ್‌ಗಳೇ ಇರಲಿಲ್ಲ. ಆದರೂ ಕೋಶರಸದಲ್ಲಿ ಮೊಟ್ಟೆಯನ್ನು ಪಕ್ವಗೊಳಿಸುವ ಅಂಶ ಹುಟ್ಟಿಕೊಂಡಿತು! ಈ ಪ್ರಯೋಗವನ್ನು ಮೊದಲ ಸಲ ಓದಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಹೊರಪೊರೆಯಲ್ಲಿ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನು, ಅಂದರೆ ಗ್ರಾಹಕ, ಯಾವುದೆಂದು ತಿಳಿಯಲು 2003ರವರೆಗೆ ಕಾಯಬೇಕಾಯಿತು. ಅದು ಸಿಕ್ಕಿದ್ದು ಅಮೆರಿಕದ ಸೀಟ್ರೌಟ್ ಮೀನಿನ ಅಂಡಾಶಯದಲ್ಲಿ. ಆ ಮೀನು ನಮ್ಮ ಕಲ್ಲೂರಿನದೇ ಕುಟುಂಬದ್ದು. ಹಾರ್ಮೋನು ಅಂಟಿಕೊಂಡೊಡನೆ ಪೊರೆಯ ಒಳಬದಿಯಲ್ಲಿ ಸುದ್ದಿ ದಾಟಿಸುವ ಜಿ-ಪ್ರೋಟೀನ್ ಎಚ್ಚೆತ್ತು, ಕೋಶದಲ್ಲಿನ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣುವಿನ ಮಟ್ಟವನ್ನು ಇಳಿಸುತ್ತದೆ. ಮೊಟ್ಟೆಯನ್ನು ತಡೆದು ನಿಲ್ಲಿಸಿದ್ದು ಅದೇ ಸೈಕ್ಲಿಕ್ ಎಎಂಪಿ. ಕಾಳು ಪೂರ್ತಿ ಪಕ್ವವಾಗಲು ತಾಸುಗಳೇ ಬೇಕು, ಆದರೆ ಅಪ್ಪಣೆ ಸಿಗುವುದು ನಿಮಿಷಗಳಲ್ಲಿ.

ಇದಕ್ಕಿಂತ ಚುರುಕಾದದ್ದು ಮನುಷ್ಯರ ವೀರ್ಯಾಣುವಿನಲ್ಲಿದೆ. ಅದರ ಜೀನ್‌ಗಳು ಬಿಗಿಯಾಗಿ ಮಡಚಿ, ಮೌನವಾಗಿರುತ್ತವೆ. ಆದರೂ ಅಂಡದ ಸುತ್ತಲಿನ ಕೋಶಗಳು ಸೂಸುವ ಪ್ರೊಜೆಸ್ಟರೋನ್ ತಾಗಿದೊಡನೆ ಅದರ ಬಾಲದಲ್ಲಿರುವ ಕ್ಯಾಟ್‌ಸ್ಪರ್ ಎಂಬ ದ್ವಾರ ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ. 2011ರಲ್ಲಿ ಎರಡು ತಂಡಗಳು ಇದನ್ನು ಬೇರೆಬೇರೆಯಾಗಿ ತೋರಿಸಿದವು.

ಹಾಗೆಂದು ವೇಗದ ಪರಿಣಾಮವೆಲ್ಲ ಇಂಥದೇ ಗ್ರಾಹಕದ ಕೆಲಸವೆಂದು ತಿಳಿಯಬೇಡಿ. ಪ್ರೊಜೆಸ್ಟರೋನ್ ಚುಚ್ಚಿದ ಇಲಿಗಳು ನಿಮಿಷಗಳಲ್ಲಿ ಮಂಪರಿಗೆ ಜಾರುವುದನ್ನು ವಿಜ್ಞಾನಿ ಹಾನ್ಸ್ ಸೆಲ್ಯೆ 1941ರಲ್ಲೇ ಕಂಡಿದ್ದರು. ಅದು ಬಹುಮಟ್ಟಿಗೆ, ಪ್ರೊಜೆಸ್ಟರೋನ್ ದೇಹದಲ್ಲಿ ಮಾರ್ಪಟ್ಟು ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಗ್ರಾಹಕವನ್ನು ಹಿಡಿಯುವುದರಿಂದ ಆಗುವುದು.

ಪರೀಕ್ಷೆಯಲ್ಲಿ ಜೀನ್‌ಗಳ ದಾರಿಯನ್ನೇ ಪೂರ್ತಿಯಾಗಿ ಬರೆಯಿರಿ, ಅಂಕ ಅದಕ್ಕೇ ಇರುತ್ತದೆ. ಅದು ತಪ್ಪೂ ಅಲ್ಲ. ಈ ಹಾರ್ಮೋನುಗಳ ದೊಡ್ಡ, ನಿಧಾನದ ಕೆಲಸಗಳೆಲ್ಲ ಹೆಚ್ಚಾಗಿ ಆ ದಾರಿಯವೇ. ಕೊನೆಗೆ ಪೊರೆಯ ಗ್ರಾಹಕಗಳ ಬಗ್ಗೆ ಒಂದು ಸಾಲು ಸೇರಿಸಿ. ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ, ತಟ್ಟೆಯಲ್ಲಿ ಎಷ್ಟು ಗಾಜಿನ ಮಣಿಗಳು ಕಂಡವೆಂದು ನನಗೆ ಬರೆಯಿರಿ.