ಗಿಟಾರ್ ಕೆಳಗಿಡ್ಸಿ, ಮೊದ್ಲು ಹಾಡಿಸಿ
ಸ್ಟೂಡೆಂಟ್ಸ್‌ಗೆ ಪೆಂಟಟಾನಿಕ್ ಸ್ಕೇಲ್ (ಐದು ಸ್ವರದ ಸ್ಕೇಲ್) ಬಾಯಿಪಾಠ ಆಗಿದೆ, ಆದ್ರೆ ಸೋಲೋ ಅಂದ್ರೆ ಬರೀ ಮೇಲೆ ಕೆಳಗೆ ಓಡಿಸ್ತಾರೆ, ಬ್ಲೂಸ್ ಅನ್ಸಲ್ಲ ಅಂತ ಕೇಳಿದ್ರಲ್ಲ ಸರ್, ನಾನು ಎ ಕೀನಲ್ಲಿ ಎ, ಸಿ, ಡಿ ಮೂರೇ ನೋಟ್ ಕೊಟ್ಟು ಮೊದ್ಲು ಬಾಯಲ್ಲೇ ಹಾಡಿಸ್ತೀನಿ. ಬ್ಲೂಸ್‌ನ 12 ಬಾರ್ (ಬಾರ್ ಅಂದ್ರೆ ತಾಳದ ಒಂದು ಸುತ್ತು) ಅಂದ್ರೆ 4 ಬಾರ್‌ಗೊಂದು ಸಾಲು, ಮೊದಲ್ನೇ ಸಾಲನ್ನೇ ಇನ್ನೊಂದ್ಸಲ ಹೇಳೋದು, ಮೂರನೇದು ಅದಕ್ಕೆ ಉತ್ತರ, ಸಾಲು ಸುಮಾರು 2 ಬಾರಲ್ಲಿ ಮುಗಿಯತ್ತೆ, ಉಳಿದ ಜಾಗದಲ್ಲಿ ಗಿಟಾರ್ ಮಾತಾಡ್ಬೇಕು. ಬ್ಲೂಸ್ ಗಾಯಕ ಬಿ.ಬಿ. ಕಿಂಗ್ ಹಾಡೋದು ನಿಲ್ಸಿ ಆಮೇಲೆ ಲೂಸಿಲ್ ಅನ್ನೋ ತಮ್ಮ ಗಿಟಾರ್ ಕೈಲಿ ಉತ್ತರ ಹೇಳಿಸ್ತಿದ್ರು, ಅದನ್ನ ಕೇಳಿಸಿ ಪ್ಲೀಸ್. ಆಮೇಲೆ ಸಿ ನೋಟ್ನ ಒಂಚೂರೇ ಬೆಂಡ್ ಮಾಡಿಸಿ (ತಂತಿ ತಳ್ಳಿ ಸ್ವರ ಏರಿಸೋದು), ಅದರ ಮೇಲಿನ ಸ್ವರ ಸಿ ಶಾರ್ಪ್ ಮುಟ್ಟೋಕೆ ಮುಂಚೆ ನಿಲ್ಲಬೇಕು, ಆ ನಡುವಿನ ಜಾಗದಲ್ಲೇ ಇರೋದು ಎಲ್ಲಾ! ಮತ್ತೆ ಶುರುವಿಂದ್ಲೇ ಒಬ್ರ ಮುಂದೆ ಒಬ್ರು ನುಡಿಸ್ಲಿ, ತಪ್ಪಾದ್ರೂ ನಿಲ್ಸೋಕೆ ಬಿಡ್ಬೇಡಿ.